ಹೂಂಗುಟ್ಟುವ ಗುಂಡಿ

ಅಂಗಳದ ಚಾಪೆಯ ಮೇಲೆ ಒಣಮೆಣಸಿನಕಾಯಿ ರಾಶಿ ಹಾಕಿಕೊಂಡು ದಲೆಂದಾ ತೊಟ್ಟು ಮುರಿಯುತ್ತ ಕೂತಿದ್ದಳು. ಬಿಸಿಲು ಇನ್ನೂ ಗೋಡೆ ಇಳಿದು ಬಂದಿರಲಿಲ್ಲ. ವರ್ಷಕ್ಕಾಗುವಷ್ಟು ಹರೀಸಾ ಖಾರ ಈ ವಾರವೇ ಅರೆದು, ಮೇಲೆ ಎಣ್ಣೆ ಹುಯ್ದು ಭರಣಿ ತುಂಬಿಡಬೇಕು. ಸಮುದ್ರದ ಗಾಳಿ ತಿರುಗಿದರೆ ಕಾಯಿ ಮೆತ್ತಗಾಗಿಬಿಡುತ್ತದೆ. ತೊಟ್ಟು ಹಿಡಿದು ತಿರುವಿದರೆ ಟಿಕ್ ಎಂದು ಮುರಿಯುತ್ತದೆ, ಆಮೇಲೆ ಹೊಟ್ಟೆ ಸೀಳಿ ಬೀಜ ಉದುರಿಸಬೇಕು. ಆ ಟಿಕ್ ಎನ್ನುವ ಸದ್ದು ಅವಳಿಗೆ ಹಿತವಾಗಿತ್ತು. ಇದು ಕಾರ್ಖಾನೆಯ ಲಸಾದ್ ಸಾಹೇಬನ, ಎಲ್ಲರ ಸಿ ಲಸಾದನ ಕತ್ತು, ಟಿಕ್. ಇದು ಅವನ ಉಂಗುರದ ಬೆರಳು, ಟಿಕ್. ಮಗಳ ಎದುರಿಗೆ ಕೂತು ಹೀಗೆಲ್ಲ ಅಂದುಕೊಳ್ಳಬಾರದು ಎಂದು ಗೊತ್ತಿತ್ತು. ಕೈ ಉರಿಯಬಾರದೆಂದು ಬೆರಳಿಗೆಲ್ಲ ಆಲಿವ್ ಎಣ್ಣೆ ಸವರಿಕೊಂಡಿದ್ದಳು. ಒಳಗಿನದಕ್ಕೆ ಏನು ಸವರುವುದೋ ಗೊತ್ತಿರಲಿಲ್ಲ, ಸವರಿ ಆರಿಸುವ ಮನಸ್ಸೂ ಇರಲಿಲ್ಲ. ಚಳಿಗಾಲದಿಂದ ಅದನ್ನು ಕೂಸಿನ ಹಾಗೆ ಸಾಕಿಕೊಂಡು ಬಂದಿದ್ದಳು.

ಕಮರ್ ಎದುರಿಗೆ ಜರಡಿ ಹಿಡಿದು ಬೀಜ ಬೇರೆ ಮಾಡುತ್ತಿದ್ದಳು. ಶಾಲೆಗೆ ರಜೆ. ಮೊನ್ನೆಯಿಂದ ಹುಡುಗಿಯ ಬಾಯಲ್ಲಿ ಏನೋ ಒಂದು ಸಿಕ್ಕಿಕೊಂಡ ಹಾಗಿತ್ತು. ಊಟದ ನಡುವೆ ತುತ್ತು ಹಿಡಿದು ತಾಯಿಯ ಮುಖ ನೋಡುವಳು, ಮತ್ತೆ ತಿನ್ನುವಳು.

"ಉಮ್ಮಿ, ಒಂದು ಕೇಳ್ಲಾ?"

"ಕಣ್ಣು ಮುಟ್ಕೋಬೇಡ."

"ಮುಟ್ಕೊಂಡಿಲ್ಲ. ಒಂದು ಕೇಳ್ಲಾ ಅಂದೆ."

"ಕೇಳು, ನನ್ನ ಕರುಳೇ."

ಅಷ್ಟರಲ್ಲಿ ಕಿಟಕಿಯ ದಂಡೆಯ ಮೇಲಿದ್ದ ಫೋನು ರಿಂಗಾಯಿತು. ಕಮರ್ ಮೊಣಕೈಯಿಂದ ಬೆವರು ಒರೆಸಿಕೊಂಡು ಎದ್ದು, ಅಂಗಿಗೆ ಕೈ ಉಜ್ಜಿ, ಹೆಸರು ಓದಿ, "ಸಿ ಲಸಾದ್" ಎಂದಳು. ತಾಯಿಯ ಕೈ ಮೆಣಸಿನಕಾಯಿಯ ಕೈ. ಹಾಗಾಗಿ ಹುಡುಗಿಯೇ ಪಕ್ಕದಲ್ಲಿ ಮಂಡಿಯೂರಿ ಫೋನನ್ನು ಅವಳ ಕಿವಿಗೆ ಹಿಡಿದಳು.

"ಏನು ತಂಗೀ, ಇನ್ನೂ ಎದ್ದಿಲ್ವೇನೋ ಅಂದ್ಕೊಂಡೆ!"

"ಮೆಣಸಿನಕಾಯಿ ಬಿಡಿಸ್ತಿದ್ದೀನಿ, ಸಿ ಲಸಾದ್."

"ಅಲ್ಲೂ ಮೆಣಸಿನಕಾಯಿ, ಇಲ್ಲೂ ಮೆಣಸಿನಕಾಯಿ, ನಮ್ಮ ಹಣೇಲಿ ಬರೆದಿದ್ದೇ ಅದು ಬಿಡು. ನೋಡು, ಬೆಲ್ಟು ಏಳ್ತಾನೇ ಇಲ್ಲ. ಒತ್ತಿದ್ರೆ ಕಮಕ್ ಕಿಮಕ್ ಅನ್ನಲ್ಲ. ಮಧ್ಯಾಹ್ನಕ್ಕೆ ಫ್ರಾನ್ಸಿನಿಂದ ಕೊಳ್ಳೋರು, ಮಾರ್ಸೆಯವರು, ನೋಡೋಕೆ ಬರ್ತಾರೆ. ನಾನೇ ನೋಡ್ಬಹುದಿತ್ತು, ಆದ್ರೆ ಹಾಜ್ ಜೊತೆ ಓಡಾಡ್ಬೇಕಲ್ಲ. ಬಂದು ಒಂಚೂರು ಟೈಪ್ ಮಾಡಿಕೊಟ್ಟು ಹೋಗಮ್ಮ."

ಬರುತ್ತೇನೆ ಎಂದಳು. ದನಿ ಮೆತ್ತಗಿತ್ತು. ತನ್ನ ದನಿ ಇಷ್ಟು ಮೆತ್ತಗೆ ಹೇಗೆ ಹೊರಡುತ್ತದೆ ಎಂದು ಅವಳಿಗೇ ಹೇಸಿಗೆಯಾಯಿತು. ಟೈಪ್ ಮಾಡಿಕೊಟ್ಟು ಹೋಗಮ್ಮ. ಚಳಿಗಾಲದಲ್ಲಿ ಇದೇ ಮನೆಯ ಅಡುಗೆಮೇಜಿನ ಮೇಲೆ, ಜ್ವರ ಬಂದ ಕಮರಳ ಹಣೆಯ ಒದ್ದೆಬಟ್ಟೆ ಬದಲಿಸುತ್ತ, ಒಲೆಯ ಮೇಲಿನ ಕಡಲೆಸಾರು ಉಕ್ಕದಂತೆ ನೋಡಿಕೊಳ್ಳುತ್ತ ಅವಳು ಆ ಏಣಿ ಬರೆದಿದ್ದಳು. ಏಣಿ ಎಂದೇ ಕರೆಯುವುದು ಅದನ್ನು, ಯಂತ್ರಕ್ಕೆ ಬುದ್ಧಿ ಹೇಳುವ ಆ ಬರಹವನ್ನು. ಎಡಕ್ಕೊಂದು ಕಂಬ, ಬಲಕ್ಕೊಂದು ಕಂಬ, ನಡುವೆ ಮೆಟ್ಟಿಲು. ಮೆಟ್ಟಿಲಿನ ಉದ್ದಕ್ಕೂ ಎರಡೆರಡು ಗೀಟಿನ ಬಾಗಿಲುಗಳು. ಬಾಗಿಲು ಬಿಟ್ಟುಕೊಟ್ಟರೆ ಎಡಗಡೆಯ ಜೀವ, ಎಂದರೆ ಕರೆಂಟು, ಬಲಗಡೆಗೆ ದಾಟುತ್ತದೆ, ಮೋಟರು ತಿರುಗುತ್ತದೆ. ಒಂದರ ಪಕ್ಕ ಒಂದು ಬಾಗಿಲಿಟ್ಟರೆ ಇದೂ ಬೇಕು ಅದೂ ಬೇಕು. ಒಂದರ ಕೆಳಗೊಂದು ಇಟ್ಟರೆ ಇದಾದರೂ ಆಯಿತು, ಅದಾದರೂ ಆಯಿತು. ಬಾಗಿಲ ಮೇಲೆ ಅಡ್ಡಗೀಟು ಎಳೆದರೆ, ಇಲ್ಲದಿದ್ದಾಗ ಮಾತ್ರ. ಜ್ವರ ಇಳಿದ ಮೇಲೆ ಕಮರಳಿಗೂ ಅದನ್ನೇ ಆಟವಾಗಿ ಕಲಿಸಿದ್ದಳು. ನಿನ್ನ ಅಪ್ಪನೂ ಬೇಕು ಬೀಗದಕೈಯೂ ಬೇಕು, ಆಗ ಲಾರಿ ಹೊರಡುತ್ತದೆ. ನಾನು ಕರೆದರೂ ಸರಿ ನೀನು ಕರೆದರೂ ಸರಿ, ಬೆಕ್ಕು ಬರುತ್ತದೆ. ಅಜ್ಜಿ ಇಲ್ಲದಿದ್ದರೆ ಮಾತ್ರ ಸಕ್ಕರೆ ಡಬ್ಬಿ ಕೆಳಗಿಳಿಯುತ್ತದೆ. ಹುಡುಗಿ ನಕ್ಕು ನಕ್ಕು ಕೆಮ್ಮಿದ್ದಳು. ಕಾರ್ಖಾನೆಯಲ್ಲಿ ಏಣಿ ಮೊದಲ ಸಲ ನಡೆದ ದಿನ, ಕೆಂಪು ಹಸಿಮೆಣಸಿನಕಾಯಿ ಸಾಲಾಗಿ ಬೆಲ್ಟಿನ ಮೇಲೆ ಅರೆಯುವ ಯಂತ್ರದ ಕಡೆ ನಡೆದುಹೋದದ್ದನ್ನು ನೋಡಿ ಎಲ್ಲರೂ ಮಾಲೀಕ ಹಾಜ್ ಬೆಲ್‌ಗಾಸಿಮನ ಕೋಣೆಯಲ್ಲಿ ಸೇರಿದ್ದರು. ದಲೆಂದಾಳಿಗೆ ಕುರ್ಚಿ ಇರಲಿಲ್ಲ. ಸಿ ಲಸಾದ್ ಕಾಫಿಯ ತಟ್ಟೆ ಅವಳ ಕೈಗಿಟ್ಟು, ಸುತ್ತ ಕೊಡು ತಂಗೀ ಎಂದಿದ್ದ. ಆಮೇಲೆ ಹಾಜ್ ಕಡೆ ತಿರುಗಿ, "ನಾನು ಹೇಳ್ತಾ ಹೋದೆ, ಇವಳು ಕುಟ್ಟಿದ್ಲು. ದಲೆಂದಾ ತುಂಬ ಚೆನ್ನಾಗಿ ಟೈಪ್ ಮಾಡ್ತಾಳೆ," ಎಂದಿದ್ದ. ಎಲ್ಲರೂ ಅವಳ ಕಡೆ ನೋಡಿದರು. ಅವಳು ತಟ್ಟೆ ಹಿಡಿದುಕೊಂಡು ನಕ್ಕಳು. ಅವನ ಮಾತನ್ನಾದರೂ ಮರೆಯಬಹುದಿತ್ತು. ಆ ನಗು ಮಾತ್ರ ಇವತ್ತಿಗೂ ಮುಖದ ಮೇಲೆ ಒಣಗಿ ಅಂಟಿಕೊಂಡಿತ್ತು. ವಸಂತದಲ್ಲಿ ಅವನು ಯಂತ್ರವಿಭಾಗದ ಮುಖ್ಯಸ್ಥನಾದ. ಅವಳಿಗೆ, ಬೇಕಾದಾಗ ಕರೆಯುತ್ತೇವೆ ಎಂದರು.

ರಾಶಿಯ ಮೇಲೆ ಬಟ್ಟೆ ಹೊದಿಸಿ, ಸಾಬೂನಿನಿಂದ ಎರಡೆರಡು ಸಲ ಕೈ ತೊಳೆದು, ಮಗಳನ್ನು ಮೋಪೆಡ್ಡಿನ ಹಿಂದೆ ಕೂರಿಸಿಕೊಂಡಳು. ಅವಳ ಗಂಡ ಹಮ್ಮಾದಿ ಲಾರಿ ತೆಗೆದುಕೊಂಡು ಗಾಬೆಸ್ ಊರಿನ ಕಡೆ ಹೋಗಿದ್ದ, ಮನೆಯಲ್ಲಿ ಬಿಟ್ಟುಹೋಗಲು ಯಾರೂ ಇರಲಿಲ್ಲ.

"ಉಮ್ಮಿ, ನಾನು ಕೇಳ್ಬೇಕಂತಿದ್ದಿದ್ದು..."

"ಆಮೇಲೆ. ಗಟ್ಟಿಯಾಗಿ ಹಿಡ್ಕೋ."

ಉಪ್ಪುನೀರಿನ ಕೆರೆಯ ಪಕ್ಕದ ದಾರಿಯಲ್ಲಿ ಗಾಳಿ ಎದುರಿಗೆ ಬೀಸುತ್ತಿತ್ತು. ಪುಟ್ಟ ಕೈಗಳು ಹೊಟ್ಟೆಯನ್ನು ಸುತ್ತಿಕೊಂಡಿದ್ದವು. ಮಲಗಿಸುವಾಗ ಈ ಹುಡುಗಿಗೆ ಕಥೆ ಹೇಳಬೇಕು, ಕಥೆಗೆ ಅವಳು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು: ಮಗು ಮಲಗಿತು, ಅಥವಾ ಹೆದರಿತು, ಅಥವಾ ಎದ್ದು ಎಲ್ಲೋ ಹೋಯಿತು, ಯಾಕಾದರೂ ಇರಲಿ, ಹೂಂ ಇಲ್ಲವೆಂದರೆ ಮುಂದೆ ಹೇಳಬಾರದು. ನಿಲ್ಲಿಸುವ ಗುಂಡಿಯನ್ನೂ ಅವಳು ಹಾಗೆಯೇ ವಿವರಿಸಿದ್ದಳು. ಬೆಲ್ಟಿನ ಪಕ್ಕದ ಕೆಂಪು ಗುಂಡಿ ಸುಮ್ಮನೆ ಕೂತಿದೆ ಅಂದ್ಕೋಬೇಡ ಮಗಳೇ, ಅದು ಹಗಲೆಲ್ಲ ತಂತಿಯೊಳಗೆ ಹೂಂ ಹೂಂ ಅಂತಾ ಇರುತ್ತೆ. ಒತ್ತಿದಾಗ ಹೂಂ ನಿಲ್ಲುತ್ತೆ, ಬೆಲ್ಟು ನಿಲ್ಲುತ್ತೆ. ತಂತಿ ಕಿತ್ತುಹೋದ್ರೂ ಹೂಂ ನಿಲ್ಲುತ್ತೆ, ಬೆಲ್ಟು ನಿಲ್ಲುತ್ತೆ. ಇಲಿ ಕಡಿದ್ರೂ ಅಷ್ಟೆ. "ಇಲಿಗೂ ನಿಲ್ಸೋಕೆ ಬರುತ್ತಾ?" ಎಂದು ಕಮರ್ ಕೇಳಿದ್ದಳು. ಇಲಿಗೂ ಬರುತ್ತೆ. ಈ ಕಾರಣಕ್ಕೇ ಏಣಿಯಲ್ಲಿ ಆ ಗುಂಡಿಗೆ ಅಡ್ಡಗೀಟು ಎಳೆಯಬಾರದು. ಹೊಸಬರೆಲ್ಲ ಎಡವುವುದು ಇಲ್ಲಿಯೇ. ನಿಲ್ಲಿಸುವ ಗುಂಡಿಯಲ್ಲವೇ, ಅಡ್ಡಗೀಟು ಇರಲೇಬೇಕು ಎನ್ನಿಸುತ್ತದೆ ಕಣ್ಣಿಗೆ.

ಸಿ ಲಸಾದನಿಗೂ ಹಾಗೇ ಅನ್ನಿಸಿತ್ತು. ಮೊನ್ನೆ ಶುರುಗುಂಡಿಯ ದೀಪ ಉರಿಯುತ್ತಿಲ್ಲವೆಂದು ಕರೆಸಿದಾಗ ಅವಳು ಲ್ಯಾಪ್‌ಟಾಪಿನಲ್ಲಿ ತನ್ನ ಏಣಿಯನ್ನು ತೆರೆದು ನೋಡಿದಳು. ಮೊದಲ ಮೆಟ್ಟಿಲಿನ ಮೇಲೆ, ಅವಳು ಬರಿದಾಗಿ ಬಿಟ್ಟಿದ್ದ ಬಾಗಿಲ ಮೇಲೆ, ಅಡ್ಡಗೀಟು. ಯಾರೋ ತನ್ನ ಮಗುವಿನ ಕೂದಲು ಕತ್ತರಿಸಿಬಿಟ್ಟ ಹಾಗಾಯಿತು. ಗುಂಡಿಯ ಪೆಟ್ಟಿಗೆ ಬಿಚ್ಚಿದಳು. ಒಳಗೆ ಹೂಂ ಎನ್ನುವ ಕೆಂಪು ತುಂಡು ಇರಬೇಕಾದ ಕಡೆ ಹಸಿರು ತುಂಡು ಕೂತಿತ್ತು. ಎಲ್ಲ ಕಣ್ಣಿಗೆ ಕಟ್ಟಿತು: ಇವಳು ಮರೆತಿದ್ದಾಳೆ, ಸರಿಮಾಡುತ್ತೇನೆ ಎಂದು ಅವನು ಅಡ್ಡಗೀಟು ಎಳೆದಿದ್ದಾನೆ, ಬೆಲ್ಟು ಏಳಲಿಲ್ಲ, ಆಗ ಗುಂಡಿಯ ತುಂಡನ್ನೇ ಬದಲಿಸಿದ್ದಾನೆ, ಬೆಲ್ಟು ಎದ್ದಿದೆ, ಮೀಸೆ ತಿರುವಿದ್ದಾನೆ. ಈಗ ಗುಂಡಿ ಹಗಲೆಲ್ಲ ಮೂಕ. ಒತ್ತಿದಾಗ ಮಾತ್ರ ಬೇಡ ಎನ್ನುತ್ತದೆ. ತಂತಿ ಬಿದ್ದುಹೋದ ದಿನ ಎಷ್ಟು ಒತ್ತಿದರೂ ಏನೂ ಅನ್ನುವುದಿಲ್ಲ. ಹೇಳಬೇಕು ಎಂದು ಬಾಯಿ ತೆರೆದಳು. ಆಗ ಅವನು ಆ ಕಡೆಯಿಂದ, "ಏನಮ್ಮಾ, ಟೈಪಿಂಗ್ ಆಯ್ತಾ?" ಎಂದು ಕೂಗಿದ. ಅವಳು ಬಾಯಿ ಮುಚ್ಚಿದಳು. ಮುಚ್ಚಿದ ಬಾಯಿಯೊಳಗೆ ಖರ್ಜೂರ ಇಟ್ಟ ಹಾಗೆ ಸಿಹಿಯಾಯಿತು. ಇರಲಿ. ಒಂದು ದಿನ ಎಲ್ಲರ ಮುಂದೆ ಒತ್ತುತ್ತಾನೆ, ಅದು ನಿಲ್ಲುವುದಿಲ್ಲ. ಆಗ ಅವನ ಮುಖ. ಆ ಮುಖವನ್ನು ಅವಳು ಅವತ್ತಿನಿಂದ ಅಡುಗೆ ಮಾಡುವಾಗ, ಬಟ್ಟೆ ಹಿಂಡುವಾಗ, ಮಗಳ ತಲೆ ಬಾಚುವಾಗ ನೋಡುತ್ತಿದ್ದಳು. ಬೇರೆ ಏನೂ ಕಂಡಿರಲಿಲ್ಲ. ಬೆಲ್ಟು ಓಡುತ್ತಿರುತ್ತದೆ, ಅವನ ಮುಖ ಇರುತ್ತದೆ. ಆ ಚಿತ್ರದಲ್ಲಿ ಬೆಲ್ಟಿನ ಆಚೀಚೆ ಯಾರೂ ಇರುತ್ತಿರಲಿಲ್ಲ. ಮೊನ್ನೆ ಪೆಟ್ಟಿಗೆಯ ಮುಚ್ಚಳ ಹಾಕಿ ತಿರುಗಿದಾಗ ಕಮರ್ ಅಲ್ಲಿಯೇ ನಿಂತು ಪರದೆಯ ಮೇಲಿನ ಅಡ್ಡಗೀಟನ್ನೂ ತನ್ನನ್ನೂ ನೋಡುತ್ತಿದ್ದಳು. ನಗುತ್ತಿದ್ದೆನೇ ನಾನು? ಇದ್ದಿರಬೇಕು.

ಕಾರ್ಖಾನೆಯ ಗೇಟು ದಾಟುವಾಗಲೇ ಮೆಣಸಿನಕಾಯಿಯ ಘಾಟು ಗಂಟಲಿಗೆ ಬಡಿಯಿತು. ನಿಂತ ಬೆಲ್ಟಿನ ಎರಡೂ ಕಡೆ ಹೆಂಗಸರು ರಬ್ಬರ್ ಕೈಗವಸು ತೊಟ್ಟು, ಕೊಳೆತ ಕಾಯಿ ಆರಿಸುವ ಕೆಲಸವಿಲ್ಲದೆ ಹರಟುತ್ತಿದ್ದರು. ತುದಿಯಲ್ಲಿ, ರೋಲರಿನ ಹತ್ತಿರ, ಮಬ್ರೂಕಾ. ಎಲ್ಲರಿಗೂ ಖಾಲ್ತಿ, ಚಿಕ್ಕಮ್ಮ. ಗಂಡಸರನ್ನು ಗೇಲಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ಬಂದ್ಲು ನೋಡ್ರೇ ಬೆಲ್ಟಿನ ಡಾಕ್ಟ್ರು! ನಿಮ್ಮ ಲಸಾದ್ ಬೆಳಿಗ್ಗೆಯಿಂದ ಆ ಗುಂಡೀನ ಒತ್ತಿ ಒತ್ತಿ, ಇನ್ನು ಮುತ್ತು ಕೊಡೋದೊಂದು ಬಾಕಿ."

"ಖಾಲ್ತಿ, ಅವರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಲಿ. ಹೆಂಡ್ತಿ ಮಾತು ಕೇಳಿಸ್ಕೊಳ್ಳದವನು ನನ್ನ ಮಾತು ಕೇಳ್ತಾನಾ? ಬಾರೇ ಕಮರ್, ನನ್ನ ಚೀಲದಲ್ಲಿ ಎಳ್ಳುಂಡೆ ಇದೆ. ನಿಮ್ಮಮ್ಮ ನಿಂಗೆ ಏನೂ ತಿನ್ಸಲ್ವೇನೇ? ಮೂಳೆ ಮೂಳೆ."

ಕಮರ್ ಅವಳ ಪಕ್ಕ ತಲೆಕೆಳಗು ಹಾಕಿದ ಕ್ರೇಟಿನ ಮೇಲೆ ಕೂತು ಎಳ್ಳುಂಡೆ ಕಡಿಯತೊಡಗಿದಳು. ದಲೆಂದಾ ಲ್ಯಾಪ್‌ಟಾಪನ್ನು ಗೋಡೆಯ ದೊಡ್ಡ ಪೆಟ್ಟಿಗೆಗೆ ಸಿಕ್ಕಿಸಿ ಏಣಿಯನ್ನು ತೆರೆದಳು. ಜೀವ ಹರಿಯುವ ಬಾಗಿಲುಗಳು ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತವೆ. ಕಾಪುಬಾಗಿಲಿನ ಗುರುತು ಮಾತ್ರ ಸತ್ತು ಕೂತಿತ್ತು. ಅರೆಯುವ ಯಂತ್ರದ ಮುಂದಿನ ಜಾಲರಿಬಾಗಿಲು ಮುಚ್ಚಿದೆಯೆಂದು ಹೇಳುವ ಸ್ವಿಚ್ಚಿನ ಬಾಯಿಗೆ ಮೆಣಸಿನಕಾಯಿ ಬೀಜ ಅಂಟಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ತೆಗೆದಳು. ಪರದೆಯ ಮೇಲೆ ಹಸಿರು ಹತ್ತಿತು. ಕೆಲಸ ಮುಗಿಯಿತು, ಮನೆಗೆ ಹೋಗಬಹುದಿತ್ತು. ಆದರೆ ಕಾಲು ತಾನಾಗಿಯೇ ಗುಂಡಿಯ ಪೆಟ್ಟಿಗೆಯ ಹತ್ತಿರ ನಡೆಯಿತು. ಹುಣ್ಣಿನ ಹತ್ತಿರ ನಾಲಗೆ ಹೋಗುವ ಹಾಗೆ. ಎರಡು ತಿರುಪು ಬಿಚ್ಚಿ ಮುಚ್ಚಳ ಎತ್ತಿದಳು. ಹಸಿರು ತುಂಡು ಹಾಗೆಯೇ ಇತ್ತು. ಅದಕ್ಕೆ ಕಟ್ಟಿದ ತಂತಿ, ಬೆಲ್ಟಿನ ನಡುಕಕ್ಕೆ ತಿರುಪು ಸಡಿಲಾಗಿ, ಈಗಲೋ ಆಗಲೋ ಎನ್ನುವ ಹಾಗೆ ನೇತುಕೊಂಡಿತ್ತು. ತಿರುಪುಳಿ ಅವಳ ಕೈಯಲ್ಲಿಯೇ ಇತ್ತು. ಬಲಕ್ಕೆ ಅರ್ಧ ಸುತ್ತು ಸಾಕು. ಎಡಕ್ಕೆ ಅರ್ಧ ಸುತ್ತಾದರೂ ಸಾಕು. ಎಡಕ್ಕೆ ತಿರುವಲಿಲ್ಲ ಅವಳು. ತಾನು ಅಂಥವಳಲ್ಲ. ಬಲಕ್ಕೂ ತಿರುವಲಿಲ್ಲ. ನನ್ನದಲ್ಲವಲ್ಲ, ಅವನದು, ಅವನ ಅಡ್ಡಗೀಟು, ಅವನ ಹಸಿರು, ಅವನೇ ಕುಟ್ಟಲಿ. ಮಾರ್ಸೆಯವರ ಮುಂದೆ! ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು? ಎದೆ ಹಬ್ಬದ ದಿನದ ಹಾಗೆ ಹೊಡೆದುಕೊಳ್ಳುತ್ತಿತ್ತು. ಶುರುಗುಂಡಿಯ ಮೆಟ್ಟಿಲಿನಲ್ಲಿ ಒಂದು ಉಪಾಯವಿದೆ, ಒತ್ತಿದ ಬೆರಳು ತೆಗೆದ ಮೇಲೂ ಮೋಟರು ನಿಲ್ಲದಂತೆ ಮಾಡುವುದು: ಮೋಟರು ತನ್ನದೇ ಒಂದು ಬಾಗಿಲನ್ನು ಶುರುಗುಂಡಿಯ ಕೆಳಗೆ ತಾನೇ ಹಿಡಿದುಕೊಂಡಿರುತ್ತದೆ. ತಿರುಗುತ್ತಿದ್ದೇನೆ, ಆದ್ದರಿಂದ ತಿರುಗುತ್ತೇನೆ. ಲಸಾದ್ ಆ ದಿನ ಕಾಫಿಯ ತಟ್ಟೆಯ ಎದುರು ಒಂದು ಸಲ ಒತ್ತಿ ಬೆರಳು ತೆಗೆದು ಮರೆತೇಬಿಟ್ಟಿದ್ದ. ಅವಳೊಳಗೆ ಅದು ಅವತ್ತಿನಿಂದ ತಿರುಗುತ್ತಲೇ ಇತ್ತು. ಮುಚ್ಚಳ ಹಾಕಿ ತಿರುಪು ಬಿಗಿಮಾಡಿದಳು. ಮುಚ್ಚಳದ ತಿರುಪನ್ನು ತುಂಬ ಬಿಗಿಮಾಡಿದಳು.

ಕಮರ್ ಎಳ್ಳುಂಡೆ ಹಿಡಿದ ಕೈಯನ್ನು ಬಾಯಿಯ ಹತ್ತಿರ ಹಾಗೆಯೇ ನಿಲ್ಲಿಸಿಕೊಂಡಿದ್ದಳು.

"ಏನೇ ಹಾಗೆ ನೋಡ್ತೀಯಾ?"

"ಏನಿಲ್ಲ. ಹೋಗೋಣ್ವಾ ಉಮ್ಮಿ?"

"ಇರು. ಅವ್ರು ಬಂದು ನೋಡ್ಲಿ, ಆಮೇಲೆ ಹೋಗೋಣ."

ಬಂದರು. ಮಾರ್ಸೆಯವರು ಇಬ್ಬರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದರು. ಹಾಜ್ ಬಿಳಿ ಅಂಗಿ ತೊಟ್ಟಿದ್ದ. ಸಿ ಲಸಾದ್ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕೈ ಬೀಸುತ್ತ, ಇದೆಲ್ಲ ನಾವೇ ಬರೆದದ್ದು, ಹೊರಗಿನವರು ಯಾರೂ ಬಂದಿಲ್ಲ ಎನ್ನುತ್ತಿದ್ದ. ದಲೆಂದಾ ಗೋಡೆಯ ಹತ್ತಿರ, ದೊಡ್ಡ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಅವನು ಅವಳ ಕಡೆ ಒಂದು ಸಲ ನೋಡಿ, ಕಾಫಿ ಎಂದು ತುಟಿಯಲ್ಲಿಯೇ ಹೇಳಿದ. ಅವಳು ಕದಲಲಿಲ್ಲ. ಅವನು ಶುರುಗುಂಡಿ ಒತ್ತಿದ. ಬೆಲ್ಟು ಎದ್ದಿತು. ಕೆಂಪು ಕಾಯಿಗಳು ಹೊರಟವು. ಹೆಂಗಸರ ಕೈಗಳು ಅವುಗಳ ಮೇಲೆ ಹಕ್ಕಿಗಳ ಹಾಗೆ ಇಳಿದು ಎದ್ದವು. ಈಗ ನಿಲ್ಲಿಸಿ ತೋರಿಸು, ಎಂದುಕೊಂಡಳು ಅವಳು. ತೋರಿಸು ಲಸಾದ್. ಒತ್ತು. ಅವಳ ಕಣ್ಣು ಅವನ ಉಂಗುರದ ಬೆರಳನ್ನು ಬಿಟ್ಟು ಅಲುಗಲಿಲ್ಲ. ಹಾಗಾಗಿ ಬೆಲ್ಟಿನ ತುದಿಯಲ್ಲಿ ಒಂದು ಉದ್ದನೆಯ ಕಾಯಿ ರೋಲರಿಗೆ ಸಿಕ್ಕಿಕೊಂಡದ್ದನ್ನು ಅವಳು ನೋಡಲಿಲ್ಲ. ಮಬ್ರೂಕಾ, ದಿನಕ್ಕೆ ಎಷ್ಟೋ ಸಲ ಮಾಡುವ ಹಾಗೆ, ಕೈ ಚಾಚಿ ಅದನ್ನು ಎಳೆಯಲು ಹೋದದ್ದನ್ನೂ ನೋಡಲಿಲ್ಲ. ಕೇಳಿದ್ದು ಮಾತ್ರ.

"ಕೈ! ಕೈ! ನಿಲ್ಸ್ರೋ! ಅಯ್ಯೋ ನನ್ನ ಕೈ!"

ಸಿ ಲಸಾದ್ ಕೆಂಪು ಗುಂಡಿ ಒತ್ತಿದ. ಬೆಲ್ಟು ನಿಲ್ಲಲಿಲ್ಲ. ಮತ್ತೆ ಒತ್ತಿದ, ಅಂಗೈಯಿಂದ ಗುದ್ದಿದ. ಬೆಲ್ಟು ನಡೆಯುತ್ತಲೇ ಇತ್ತು, ನಡೆಯುತ್ತಿದ್ದೇನೆ ಆದ್ದರಿಂದ ನಡೆಯುತ್ತೇನೆ. ಅವನು ತಿರುಗಿದ. ಆಗ ಆ ಮುಖ ಅವಳಿಗೆ ಕಂಡಿತು. ಅವಳು ಎಣಿಸಿದ ಹಾಗೆಯೇ ಇತ್ತು, ಬಾಯಿ ತೆರೆದು, ಬೆವರಿ, ಮಗುವಿನ ಹಾಗೆ ಯಾರನ್ನೋ ಹುಡುಕುತ್ತ. ಒಂದು ಕ್ಷಣ ಅವಳು ಅದನ್ನು ನೋಡಿದಳು. ನೋಡುತ್ತ ನಿಂತಳು. ಆಮೇಲೆ ಮಬ್ರೂಕಾ ಎರಡನೆಯ ಸಲ ಕಿರುಚಿದ್ದು ಕಿವಿಗೆ ತಲುಪಿ, ಪಕ್ಕದಲ್ಲಿಯೇ ಇದ್ದ ದೊಡ್ಡ ಪೆಟ್ಟಿಗೆಯ ಹಿಡಿಯನ್ನು ಎರಡೂ ಕೈಯಿಂದ ಕೆಳಗೆಳೆದಳು. ಇಡೀ ಕಾರ್ಖಾನೆ ಉಸಿರು ಬಿಟ್ಟ ಹಾಗೆ ನಿಂತುಹೋಯಿತು. ಆ ಒಂದು ಕ್ಷಣ ಎಷ್ಟು ಉದ್ದವಿತ್ತೆಂದು ಯಾರೂ ಗಮನಿಸಿರಲಾರರು ಎಂದುಕೊಂಡಳು.

ರೋಲರನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದರು. ಗವಸಿನ ಜೊತೆ ಅಂಗೈಯ ಚರ್ಮವೂ ಬಂದಿತ್ತು. ಹಸಿ ಮಾಂಸಕ್ಕೆ ಮೆಣಸಿನಕಾಯಿಯ ರಸ. ಮಬ್ರೂಕಾ ಈಗ ಕಿರುಚುತ್ತಿರಲಿಲ್ಲ, ಗಾಳಿ ಎಳೆದುಕೊಳ್ಳುತ್ತಿದ್ದಳು. ಇಬ್ಬರು ಹೆಂಗಸರು ನೀರು ಹುಯ್ಯುತ್ತ, ಅವಳನ್ನು ಹೊತ್ತು ವ್ಯಾನಿಗೆ ಹತ್ತಿಸಿದರು. ಒಂದು ಚಪ್ಪಲಿ ಅಲ್ಲಿಯೇ ಉಳಿಯಿತು. ಕಮರ್ ಅದನ್ನು ಎತ್ತಿಕೊಂಡಳು. ಮಾರ್ಸೆಯವರು ಕಾರಿನ ಕಡೆ ನಡೆದಿದ್ದರು.

ಹಾಜ್ ಬೆಲ್‌ಗಾಸಿಮ್ ಅಲ್ಲಿಯೇ, ಬೆಲ್ಟಿನ ಪಕ್ಕದಲ್ಲಿಯೇ ನಿಂತು ಕೇಳಿದ. ಬಿಳಿ ಅಂಗಿಯ ತೋಳಿಗೆ ರಕ್ತವೋ ಮೆಣಸಿನಕಾಯಿಯೋ ಹತ್ತಿತ್ತು.

"ಯಾರ ಕೆಲಸ ಇದು?"

"ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದವಳು ಇವಳು, ಹಾಜ್," ಸಿ ಲಸಾದ್ ಅವಳ ಕಡೆ ಬೆರಳು ಮಾಡಿದ. "ನಾನು ಕಣ್ಣಾರೆ ನೋಡಿದೆ. ನಾನು ಮುಟ್ಟೇ ಇಲ್ಲ."

ಅವಳಿಗೆ ಸಿಟ್ಟು ಬರಲಿಲ್ಲ. ಎಲ್ಲ ನಿಚ್ಚಳವಾಗಿತ್ತು. ಮುಚ್ಚಳ ಬಿಚ್ಚಿ, ಬಿದ್ದುಹೋಗಿದ್ದ ತಂತಿಯನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದಳು. ಮಗಳಿಗೆ ಹೇಳಿದ ಹಾಗೆಯೇ ಹೇಳಿದಳು, ಬೇರೆ ಮಾತು ಅವಳಿಗೆ ಹೊಳೆಯಲಿಲ್ಲ.

"ಹಾಜ್, ನಿಲ್ಸೋ ಗುಂಡಿ ಯಾವಾಗ್ಲೂ ಹೂಂ ಅಂತಿರ್ಬೇಕು. ಹೂಂ ನಿಂತ್ರೆ ಬೆಲ್ಟು ನಿಲ್ಬೇಕು. ಇಲ್ಲಿ ಕೆಂಪು ತುಂಡು ಇತ್ತು, ಅದು ಹೂಂ ಅನ್ನೋದು. ಈಗಿರೋದು ಹಸಿರು. ಇದು ಮೂಕ. ತಂತಿ ಬಿದ್ರೆ ಇದಕ್ಕೆ ಗೊತ್ತೇ ಆಗಲ್ಲ." ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿದಳು. "ಸಿ ಲಸಾದ್, ಈ ಅಡ್ಡಗೀಟು ಯಾರು ಎಳೆದಿದ್ದು?"

"ನಾನೇ! ನೀನು ಮರೆತಿದ್ದೆ, ನಾನು ಸರಿಮಾಡಿದೆ. ನಿಲ್ಲಿಸೋ ಗುಂಡಿಗೆ ಅಡ್ಡಗೀಟು ಬೇಡ್ವಾ? ಬರೆಯೋವಾಗ ನಿನ್ನ ತಲೆ ಎಲ್ಲಿತ್ತೋ..."

ಅವನು ಅಲ್ಲಿಗೆ ನಿಂತ. ಹೆಂಗಸರೆಲ್ಲ ನಿಂತಿದ್ದರು. ಹಾಜ್ ನಿಧಾನವಾಗಿ ಅವಳ ಕಡೆ ತಿರುಗಿದ.

"ಬರೆದಿದ್ದು ನೀನಾ?"

"ಇಲ್ಲ ಹಾಜ್," ಎಂದಳು ದಲೆಂದಾ. ಚಳಿಗಾಲದಿಂದ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡಿದ್ದ ಮಾತು ಅದು. "ನಾನು ಕುಟ್ಟಿದ್ದಷ್ಟೆ. ಆದ್ರೆ ಈ ಅಡ್ಡಗೀಟನ್ನ ಅವರೇ ಕುಟ್ಟಿದ್ದಾರೆ. ಸಿ ಲಸಾದ್ ತುಂಬ ಚೆನ್ನಾಗಿ ಟೈಪ್ ಮಾಡ್ತಾರೆ."

ಒಬ್ಬಳು ಹೆಂಗಸು ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಸಿ ಲಸಾದ್ ನೆಲ ನೋಡುತ್ತಿದ್ದ. ನೆಲದ ಮೇಲೆ ತುಳಿದ ಕಾಯಿಗಳು. ಹಾಜ್ ಅವನಿಗೆ ಮನೆಗೆ ಹೋಗು ಎಂದ. ಅವಳಿಗೆ, ಸೋಮವಾರದಿಂದ ಬಾ, ಅವನ ಕೋಣೆಯಲ್ಲಿ ಕೂತ್ಕೋ ಎಂದ. ಅವಳು ಕೆಂಪು ತುಂಡು ಹುಡುಕಿ ಹಾಕಿ, ತಂತಿ ಬಿಗಿದು, ಅಡ್ಡಗೀಟು ಅಳಿಸಿದಳು. ಅಳಿಸುವಾಗ ಕಾದ ಹೊಟ್ಟೆಗೆ ತಣ್ಣೀರು ಇಳಿದ ಹಾಗೆ ಇರುತ್ತದೆ ಎಂದು ಎಣಿಸಿದ್ದಳು. ಹಾಗೆ ಇತ್ತು ಕೂಡ, ಸ್ವಲ್ಪ ಹೊತ್ತು.

ಅವರು ಮನೆಗೆ ಬಂದಾಗ ಬಿಸಿಲು ಅಂಗಳ ತುಂಬಿಕೊಂಡಿತ್ತು. ಚಾಪೆಯನ್ನು ನೆರಳಿಗೆ ಎಳೆದು ಮತ್ತೆ ಕೂತಳು. ಬ್ರೆಡ್ಡಿಗೆ ಎಣ್ಣೆ ಹಚ್ಚಿ ಕೊಟ್ಟರೆ ಕಮರ್ ಬೇಡವೆಂದಳು. ಖಾಲ್ತಿಯ ಚಪ್ಪಲಿಯನ್ನು ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಬಂದವಳು ಅದನ್ನು ತೊಳೆದು ಗೋಡೆಗೆ ಒರಗಿಸಿದ್ದಳು. ತೊಟ್ಟು ಮುರಿಯುತ್ತ ದಲೆಂದಾಳ ಬೆರಳು ನಡುನಡುವೆ ತಪ್ಪುತ್ತಿತ್ತು. ಈಗ ಯಾವ ಕತ್ತೂ ನೆನಪಿಗೆ ಬರುತ್ತಿರಲಿಲ್ಲ, ಕಾಯಿಯ ತೊಟ್ಟು ಬರಿಯ ತೊಟ್ಟಾಗಿತ್ತು. ಸೋಮವಾರ ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಯೋಚಿಸಲು ನೋಡಿದಳು. ಕುರ್ಚಿಯ ಚಿತ್ರ ತಂದುಕೊಂಡಳು. ಕುರ್ಚಿಯ ಮೇಲೆ ಒಂದು ಹಸಿರು ತುಂಡು ಕೂತಿತ್ತು. ನಾನು ಎಡಕ್ಕೆ ತಿರುವಲಿಲ್ಲ, ತಿರುವಲಿಲ್ಲ ಎಂದು ಒಳಗೇ ಹೇಳಿಕೊಂಡಳು. ಅಡ್ಡಗೀಟು ನನ್ನದಲ್ಲ. ನನ್ನದಲ್ಲ.

ಫೋನು ರಿಂಗಾಯಿತು. ಹಮ್ಮಾದಿ. ಕಮರ್ ಎದ್ದು ಬಂದು, ಬೆಳಿಗ್ಗೆಯ ಹಾಗೆಯೇ ಮಂಡಿಯೂರಿ, ಫೋನನ್ನು ತಾಯಿಯ ಕಿವಿಗೆ ಹಿಡಿದಳು. ದಲೆಂದಾ ಹೇಳಿದಳು, ಮೊದಲಿನಿಂದ ಹೇಳಿದಳು, ಎಲ್ಲರ ಮುಂದೆ ತಾನು ಅಂದ ಮಾತನ್ನು ಎರಡು ಸಲ ಹೇಳಿದಳು. ಲಾರಿಯ ಸದ್ದಿನ ನಡುವೆ ಹಮ್ಮಾದಿ ಗಹಗಹಿಸಿ ನಕ್ಕ.

"ಬಲೇ ಹೆಣ್ಣೇ! ಚೆನ್ನಾಗಿ ಟೈಪ್ ಮಾಡ್ತಾರೆ ಅಂದ್ಯಾ? ಅವ್ನ ಮುಖ ನೋಡ್ಬೇಕಿತ್ತು ನಾನು!"

"ನಾನು ನೋಡ್ದೆ."

"ಮತ್ತೆ ಆ ಖಾಲ್ತಿ? ಕೈ ಹೇಗಿದೆ?"

"ಚರ್ಮ ಹೋಗಿದೆಯಂತೆ. ಮೂಳೆಗೇನೂ ಆಗಿಲ್ವಂತೆ. ಬೆರಳು ಮಡಚೋಕಾಗುತ್ತೋ ಇಲ್ವೋ, ಗಾಯ ಮಾಗಿದ ಮೇಲೆ ಗೊತ್ತಾಗುತ್ತಂತೆ."

"ದೇವರು ದೊಡ್ಡವನು ಬಿಡು. ನೀನಿಲ್ದಿದ್ರೆ ತೋಳೇ ಹೋಗಿರೋದು. ಆ ಹಿಡಿ ಎಳೆದಿದ್ದು ನೀನಲ್ವಾ?"

"ಹೂಂ," ಎಂದಳು.

ಮಾತು ಮುಗಿಯಿತು, ಲಾರಿಯ ಸದ್ದೂ ಹೋಯಿತು. ಕಮರ್ ಮಾತ್ರ ಫೋನನ್ನು ಅವಳ ಕಿವಿಯಿಂದ ತೆಗೆಯಲಿಲ್ಲ. ಮಾತಿಲ್ಲದ ಫೋನು ಕೆನ್ನೆಗೆ ಬಿಸಿಯಾಗಿ ಒತ್ತಿಕೊಂಡಿತ್ತು. ಹುಡುಗಿಯ ಉಸಿರು ಕತ್ತಿನ ಮೇಲೆ ಬೀಳುತ್ತಿತ್ತು. ಏನಾದರೂ ಹೇಳಬೇಕೆನ್ನಿಸಿ ದಲೆಂದಾ, "ಕೇಳ್ದ್ಯಾ, ನಿಮ್ಮಪ್ಪನಿಗೆ ಎಷ್ಟು ಖುಷಿಯಾಯ್ತು ಅಂತ? ಸೋಮವಾರದಿಂದ ಉಮ್ಮಿಗೆ ಕುರ್ಚಿ," ಎಂದಳು. ಹೂಂ ಬರಲಿಲ್ಲ. "ಕುರ್ಚಿ, ಮೇಜು, ಕಿಟಕಿ," ಎಂದಳು. ಹೂಂ ಬರಲಿಲ್ಲ. ಕಣ್ಣು ಉರಿಯಿತು. ಮರೆತು ಮೆಣಸಿನ ಕೈಯಿಂದಲೇ ಒರೆಸಿಕೊಂಡುಬಿಟ್ಟಳು. ಬೆಂಕಿ ಹತ್ತಿದ ಹಾಗೆ ನೀರು ಸುರಿಯತೊಡಗಿತು. ಏನೂ ಕಾಣಿಸದೆ, ಕಣ್ಣು ಮುಚ್ಚಿಕೊಂಡು, ನೀರಿನ ಚೊಂಬಿಗಾಗಿ ನೆಲ ತಡವುತ್ತ, "ಬೆಳಿಗ್ಗೆಯಿಂದ ಏನೋ ಕೇಳ್ಬೇಕಂತಿದ್ಯಲ್ಲಾ, ಅದೇನು ಕೇಳು," ಎಂದಳು.

ಚೊಂಬನ್ನು ಅವಳ ಕೈಗೆ ಸರಿಸಿ, ತಗ್ಗಿದ ದನಿಯಲ್ಲಿ, ಒಂದೊಂದೇ ಮಾತು ಆರಿಸಿಕೊಂಡು ಕಮರ್ ಕೇಳಿದಳು:

"ಗುಂಡಿ ಮೂಕ ಆಗಿದೆ ಅಂತ ನಿಂಗೆ ಮೊನ್ನೇನೇ ಗೊತ್ತಿತ್ತಲ್ಲ ಉಮ್ಮಿ. ಸಿ ಲಸಾದ್‌ಗೆ ಹೇಳೋಕೆ ಇಷ್ಟ ಇಲ್ದಿದ್ರೆ ಹೋಗ್ಲಿ. ಖಾಲ್ತಿ ಮಬ್ರೂಕಾಗಾದ್ರೂ ಯಾಕೆ ಹೇಳ್ಲಿಲ್ಲ?"